ಒಂದು ವಠಾರ, ಎರಡು ಹುಸಿ ಹೆಸರು: ಗುರುತು ಮರೆಸಿಕೊಂಡವರ ಪ್ರೇಮಕಥೆ ಬರೆಯಲು ಸಮಗ್ರ ಮಾರ್ಗದರ್ಶಿ

ನಾಯಕ ನಾಯಕಿಯರಿಬ್ಬರೂ ತಮ್ಮ ನಿಜವಾದ ಗುರುತನ್ನು ಬಚ್ಚಿಟ್ಟುಕೊಂಡು ಪ್ರೀತಿಸುವ ಕಥೆಯನ್ನು ಕನ್ನಡದಲ್ಲಿ ಬರೆಯಲು ಹೊರಡುವವರು ಮೊದಲು ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕಾಗುತ್ತದೆ: ನಮ್ಮಲ್ಲಿ ಗುರುತು ಮರೆಸುವುದು ಬಹಳ ಕಷ್ಟದ ಕೆಲಸ. ಹೊಸಬರು ಎದುರಾದರೆ ನಾವು ಕೇಳುವ ಮೊದಲ ಪ್ರಶ್ನೆಯೇ "ಯಾವ ಊರಾಯಿತು?" ಎಂಬುದು, ಎರಡನೆಯದು "ಅಲ್ಲಿ ಯಾರ ಪೈಕಿ?" ಎಂಬುದು. ಈ ಎರಡು ಪ್ರಶ್ನೆಗಳನ್ನು ದಾಟುವುದರೊಳಗೆ ಸುಳ್ಳು ಹೇಳುವವನ ಬೆನ್ನಿನಲ್ಲಿ ಬೆವರಿಳಿದಿರುತ್ತದೆ. ಈ ಕಷ್ಟವನ್ನು ತೊಡಕೆಂದು ತಿಳಿದು ತಪ್ಪಿಸಿಕೊಳ್ಳದೆ ಕಥೆಯ ಬಂಡವಾಳವನ್ನಾಗಿ ಮಾಡಿಕೊಳ್ಳುವ ದಾರಿಯನ್ನು, ಒಂದೇ ಕಥೆಯನ್ನು ಉದಾಹರಣೆಯಾಗಿ ಮೊದಲಿನಿಂದ ಕೊನೆಯವರೆಗೆ ಕಟ್ಟುತ್ತಾ, ಇಲ್ಲಿ ಹೇಳಲಾಗಿದೆ.

ಹೆಜ್ಜೆ 1: ಗುಟ್ಟುಗಳು ಒಂದಕ್ಕೊಂದು ತಾಗುವಂತೆ ಹೆಣೆಯಿರಿ

ಅವಳಿಗೊಂದು ಗುಟ್ಟು, ಅವನಿಗೊಂದು ಗುಟ್ಟು ಎಂದು ಹಂಚಿಬಿಟ್ಟರೆ ಕಥೆಯಾಗುವುದಿಲ್ಲ. ಅವಳು ಶ್ರೀಮಂತರ ಮಗಳು, ಅವನು ವೇಷ ಮರೆಸಿದ ಪೊಲೀಸ್ ಅಧಿಕಾರಿ ಎಂದಿಟ್ಟುಕೊಳ್ಳಿ. ಎರಡೂ ಬಯಲಾದ ದಿನ ಇಬ್ಬರೂ ನಕ್ಕು ಮದುವೆಯಾಗಬಹುದು, ಏಕೆಂದರೆ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಯಾವ ಗಾಯವನ್ನೂ ಮಾಡುವುದಿಲ್ಲ. ಒಬ್ಬರ ನಿಜ ಇನ್ನೊಬ್ಬರ ಎದೆಗೇ ನಾಟುವಂತಿರಬೇಕು.

ನಮ್ಮ ಉದಾಹರಣೆಯ ಕಥೆ ಹೀಗಿರಲಿ. ತುರ್ತುಪರಿಸ್ಥಿತಿಯ ಕಾಲ. ಧಾರವಾಡ ಸೀಮೆಯ ಕಸ್ತೂರಿಯ ಅಣ್ಣನನ್ನು, ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅವಕಾಶವಿದ್ದ ಮೀಸಾ ಕಾಯಿದೆಯಡಿ ಬಂಧಿಸಲಾಗಿದೆ. ಅವಳು ಬೆಂಗಳೂರಿನ ವಠಾರವೊಂದರಲ್ಲಿ ಸುಮಿತ್ರಾ ಎಂಬ ಹೆಸರಿನಲ್ಲಿ, ಮುಂಬಯಿಯಲ್ಲಿ ಕೆಲಸಕ್ಕಿರುವ ಗಂಡನ ಹೆಂಡತಿಯೆಂದು ಹೇಳಿಕೊಂಡು, ಕೊರಳಿಗೆ ತಾನೇ ಕರಿಮಣಿ ಕಟ್ಟಿಕೊಂಡು, ಭೂಗತ ಕರಪತ್ರಗಳನ್ನು ಸಾಗಿಸುತ್ತಿದ್ದಾಳೆ. ಪಕ್ಕದ ಕೋಣೆಯ ಶ್ರೀಧರಮೂರ್ತಿ ಔಷಧ ಕಂಪನಿಯ ಪ್ರತಿನಿಧಿಯೆಂದು ಹೇಳಿಕೊಳ್ಳುತ್ತಾನೆ. ಅವನ ನಿಜವಾದ ಹೆಸರು ಈರಣ್ಣ. ಅವನು ಅವಳದೇ ಸೀಮೆಯ ಸರ್ಕಾರಿ ಕಚೇರಿಯೊಂದರಲ್ಲಿ ಬೆರಳಚ್ಚುಗಾರನಾಗಿದ್ದವನು. ಬಂಧಿಸಬೇಕಾದವರ ಪಟ್ಟಿಯನ್ನು ಟೈಪ್ ಮಾಡಿದ ರಾತ್ರಿ ಅದರಲ್ಲಿದ್ದ ಒಬ್ಬರಿಗೆ ಸುಳಿವು ಕೊಟ್ಟು ಸಿಕ್ಕಿಬೀಳುವುದರಲ್ಲಿದ್ದ, ಊರು ಬಿಟ್ಟು ಓಡಿಬಂದ. ಅವನು ಸುಳಿವು ಕೊಟ್ಟದ್ದು ಒಬ್ಬರಿಗೆ ಮಾತ್ರ. ಅದೇ ಪಟ್ಟಿಯಲ್ಲಿ ಕಸ್ತೂರಿಯ ಅಣ್ಣನ ಹೆಸರೂ ಇತ್ತು.

ಇಲ್ಲಿ ಖಳರು ಯಾರೂ ಇಲ್ಲ ಎಂಬುದನ್ನು ಗಮನಿಸಿ. ಅವನು ಒಳ್ಳೆಯ ಕೆಲಸವನ್ನೇ ಮಾಡಿದ್ದಾನೆ, ಆದರೆ ಅರ್ಧ ಮಾಡಿದ್ದಾನೆ. ಆ ಉಳಿದರ್ಧದ ಬೆಲೆ ತೆತ್ತವಳು ಗೋಡೆಯಾಚೆಗೆ ಮಲಗಿದ್ದಾಳೆ. ಒಬ್ಬರು ಪೊಲೀಸ್ ಕಡೆಯವರು, ಇನ್ನೊಬ್ಬರು ತಲೆಮರೆಸಿಕೊಂಡವರು ಎಂಬ ಸುಲಭದ ಜೋಡಿಗಿಂತ ಇದು ಹೆಚ್ಚು ಕಾಲ ಓದುಗನನ್ನು ಹಿಡಿದಿಡುತ್ತದೆ ಎಂಬುದು ನನ್ನ ಅಭಿಪ್ರಾಯ. ಇದರಲ್ಲಿ ಓದುಗ ಯಾರ ಪಕ್ಷವನ್ನೂ ಪೂರ್ತಿಯಾಗಿ ವಹಿಸಲಾರ.

ಹೆಜ್ಜೆ 2: ಸುಳ್ಳು ಬಾಳಬಲ್ಲ ಕಾಲವನ್ನು ಆರಿಸಿ, ಅದಕ್ಕೆ ಬದ್ಧರಾಗಿ

ಇಂದಿನ ಕಾಲದಲ್ಲಿ ಮನೆ ಬಾಡಿಗೆಗೆ ಹಿಡಿಯಬೇಕಾದರೆ ಆಧಾರ್ ಪ್ರತಿ ಕೊಡಬೇಕು, ಫೋನ್ ಸಂಖ್ಯೆ ಕೊಟ್ಟರೆ ಹೆಸರು ತಾನಾಗಿಯೇ ಪರದೆಯ ಮೇಲೆ ಮೂಡುತ್ತದೆ. 1975ರಲ್ಲಿ ಪರಿಚಿತರೊಬ್ಬರ ಬಾಯಿಮಾತು ಸಾಕಿತ್ತು. ದೇಶದ ಒಳಗಿನ ತುರ್ತುಪರಿಸ್ಥಿತಿ ಘೋಷಣೆಯಾದದ್ದು 1975ರ ಜೂನ್ 25ರ ರಾತ್ರಿ, ಹಿಂತೆಗೆದದ್ದು 1977ರ ಮಾರ್ಚ್ 21ರಂದು. ಈ ಇಪ್ಪತ್ತೊಂದು ತಿಂಗಳು ನಿಮ್ಮ ಕಥೆಯ ಅಂಗಳ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆಯವರನ್ನು ಮರುದಿನವೇ ಇಲ್ಲಿ ಬಂಧಿಸಿದ್ದರಿಂದ, ದೆಹಲಿಯ ಸುದ್ದಿ ಬೆಂಗಳೂರಿಗರಿಗೆ ಮೊದಲ ದಿನದಿಂದಲೇ ಮನೆಯ ಸುದ್ದಿಯೂ ಆಗಿತ್ತು.

ಕಾಲಕ್ಕೆ ಬದ್ಧರಾಗುವುದೆಂದರೆ ಸಣ್ಣ ವಿವರಗಳಲ್ಲಿ ಎಡವದಿರುವುದು. ನಾಯಕನನ್ನು ದರ್ಶಿನಿಯಲ್ಲಿ ನಿಲ್ಲಿಸಿ ಕಾಫಿ ಕುಡಿಸಬೇಡಿ. ನಿಂತು ತಿನ್ನುವ ಆ ಹೋಟೆಲುಗಳು ಬಂದದ್ದು 1980ರ ದಶಕದಲ್ಲಿ. ವಠಾರದಲ್ಲಿ ಟಿ.ವಿ. ಇಡಬೇಡಿ, ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ, ಆದ್ದರಿಂದ ಸುದ್ದಿಯೆಲ್ಲ ರೇಡಿಯೋದಿಂದಲೇ ಬರಬೇಕು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಎರಡೇ ವರ್ಷವಾಗಿದ್ದ ಕಾಲವಾದ್ದರಿಂದ ವಠಾರದ ಹಿರಿಯರು ಅಭ್ಯಾಸಬಲದಿಂದ "ಮೈಸೂರು ರಾಜ್ಯ" ಎಂದೇ ಅನ್ನಲಿ. ನಗರದೊಳಗೆ ಓಡಾಡಲು ಬಿ.ಟಿ.ಎಸ್. ಬಸ್ಸಿದೆ. ಪರಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು, ನಡುವೆ ಆಪರೇಟರಿನ ಕಿವಿಯಿರುತ್ತದೆ ಎಂಬ ಭಯವೂ ಇರುತ್ತದೆ.

ಸ್ಥಳವಾಗಿ ವಠಾರವನ್ನೇ ಸೂಚಿಸಲು ಕಾರಣವಿದೆ. ಒಂದೇ ನಲ್ಲಿ, ಒಂದೇ ಬಚ್ಚಲು, ಒಂದೇ ಅಂಗಳ, ತೆಳುವಾದ ಗೋಡೆ. ಯಾರ ಮನೆಯಲ್ಲಿ ಯಾವ ಒಗ್ಗರಣೆ ಎಂಬುದು ಉಳಿದ ಆರು ಮನೆಗೂ ತಿಳಿಯುತ್ತದೆ. ಬಚ್ಚಿಟ್ಟುಕೊಳ್ಳಬೇಕಾದವರನ್ನು ಬಚ್ಚಿಡಲು ಜಾಗವೇ ಇಲ್ಲದ ಕಡೆ ಇರಿಸಿದರೆ ಕುತೂಹಲಕ್ಕಾಗಿ ಬೇರೆ ಗುಂಡಿನ ಸದ್ದು ಬೇಕಾಗುವುದಿಲ್ಲ.

ಹೆಜ್ಜೆ 3: ಸುಳ್ಳಿಗೆ ದಿನಚರಿ ಬರೆಯಿರಿ

ಹೆಚ್ಚಿನ ಹಸ್ತಪ್ರತಿಗಳು ಸೋಲುವುದು ಇಲ್ಲಿ. ಲೇಖಕರು ಪಾತ್ರಕ್ಕೆ ಹುಸಿ ಹೆಸರು ಕೊಟ್ಟು ಸುಮ್ಮನಾಗುತ್ತಾರೆ. ಸುಳ್ಳು ಹೆಸರಿನಲ್ಲಿ ಬದುಕುವವನು ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ಬಿಟ್ಟುಕೊಡಬೇಕಾಗುತ್ತದೆ ಎಂಬುದನ್ನು ಗಂಟೆಗಂಟೆಯ ಲೆಕ್ಕದಲ್ಲಿ ಒಂದು ಪುಟ ಬರೆದಿಟ್ಟುಕೊಳ್ಳಿ. ಅದರಲ್ಲಿ ಮುಕ್ಕಾಲು ಭಾಗ ಕಥೆಯೊಳಗೆ ಬಾರದಿದ್ದರೂ ಚಿಂತೆಯಿಲ್ಲ.

ಈರಣ್ಣ ಔಷಧದ ಚೀಲ ಹಿಡಿದು ಒಂಬತ್ತಕ್ಕೆ ಹೊರಡಲೇಬೇಕು, ಹೋಗಲು ಎಲ್ಲಿಯೂ ಇಲ್ಲ. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ಕುಳಿತು ಸೆನ್ಸಾರ್ ಆದ ಪತ್ರಿಕೆಗಳನ್ನು ಮೂರು ಮೂರು ಸಲ ಓದಿ ಸಂಜೆ ದಣಿದವನಂತೆ ಮರಳುತ್ತಾನೆ. ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆ ಈಗ ಟ್ರಂಕಿನ ತಳದಲ್ಲಿದೆ, ನಸುಕಿನಲ್ಲಿ ಬಾಗಿಲು ಹಾಕಿಕೊಂಡು ಪೂಜೆ ಮುಗಿಸಿ ಮತ್ತೆ ಅಲ್ಲಿಯೇ ಇಡಬೇಕು. ಶ್ರೀಧರಮೂರ್ತಿ ಎಂಬ ಹೆಸರು ಕೇಳಿ ಮನೆ ಕೊಟ್ಟ ಮಾಲೀಕರಿಗೆ ಇದು ಗೊತ್ತಾದರೆ ಪೊಲೀಸರು ಬರುವ ಮೊದಲೇ ಕೋಣೆ ಖಾಲಿ ಮಾಡಬೇಕಾದೀತು. ಹೆಸರಿನ ಜೊತೆಗೆ ಜಾತಿಯನ್ನೂ ಬದಲಿಸಿದ ಸುಳ್ಳಿನ ತೂಕವೇ ಬೇರೆ. ಅದನ್ನು ಒಂದು ವಾಕ್ಯದ ತಮಾಷೆಯಾಗಿ ದಾಟಿಸುವುದಾದರೆ, ಅಂಥ ಹೆಸರನ್ನೇ ಇಡದಿರುವುದು ಮೇಲು.

ಕಸ್ತೂರಿಯ ಕಡೆಗೆ ಬನ್ನಿ. ಅವಳು ತಿಂಗಳಿಗೊಮ್ಮೆ ತನಗೆ ತಾನೇ ಮುಂಬಯಿಯ ಗಂಡನ ಪತ್ರ ತರಿಸಿಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅವಳು ಜೋಳದ ರೊಟ್ಟಿ ಬಡಿಯುವಂತಿಲ್ಲ. ಕಲಸಿದ ಹಿಟ್ಟನ್ನು ಅಂಗೈಯಿಂದ ತಟ್ಟುವ ಆ ಸಪ್ಪಳ ಗೋಡೆ ದಾಟಿದರೆ, ಶಿವಮೊಗ್ಗದ ಕಡೆಯವಳೆಂದು ಹೇಳಿಕೊಂಡ ಸುಮಿತ್ರಾ ಯಾವ ಸೀಮೆಯವಳೆಂದು ತಿಳಿದವರಿಗೆ ತಿಳಿದುಹೋಗುತ್ತದೆ. ಆದ್ದರಿಂದ ನಾಲ್ಕು ತಿಂಗಳಿನಿಂದ ಚಪಾತಿ ಲಟ್ಟಿಸುತ್ತಿದ್ದಾಳೆ. ಒಂದು ಸದ್ದನ್ನು ನುಂಗಿಕೊಂಡು ಬದುಕುವುದು ಎಷ್ಟು ಕಷ್ಟವೆಂಬುದು ಓದುಗನಿಗೆ ತಾಗಿದರೆ ಅವಳ ಬಗ್ಗೆ ಬೇರೆ ವಿಶೇಷಣಗಳನ್ನು ಬಳಸಬೇಕಾಗಿಲ್ಲ.

ಅವಳ ಹುಸಿ ಕರಿಮಣಿ ಎರಡು ಕೆಲಸ ಮಾಡುತ್ತದೆ ಎಂಬುದನ್ನೂ ನೋಡಿ. ವಠಾರದ ಕಣ್ಣಿನಿಂದ ಅವಳನ್ನು ಕಾಯುವುದು ಅದೇ, ಅವನನ್ನು ದೂರ ನಿಲ್ಲಿಸುವುದೂ ಅದೇ. ಪರರ ಹೆಂಡತಿಯ ಬಗ್ಗೆ ತನ್ನ ಮನಸ್ಸು ಹೀಗೆ ಹೋಗುತ್ತಿದೆಯಲ್ಲ ಎಂದು ಅವನು ಪಡುವ ನಾಚಿಕೆ ನಿಜವಾದದ್ದು. ಆ ನಾಚಿಕೆಗೆ ಕಾರಣವಾದ ಸುಳ್ಳು ತನ್ನದೆಂದು ಅವಳಿಗೆ ತಿಳಿದಿದ್ದರೂ ಬಾಯಿ ಬಿಡುವಂತಿಲ್ಲ.

ಹೆಜ್ಜೆ 4: ಯಾರಿಗೆ ಏನು ಗೊತ್ತು ಎಂಬ ಲೆಕ್ಕದ ಪುಸ್ತಕ

ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ: ಅವಳು, ಅವನು, ವಠಾರ, ಓದುಗ. ಪ್ರತಿ ಅಧ್ಯಾಯ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಏನು ಗೊತ್ತಾಯಿತು, ಏನು ತಪ್ಪಾಗಿ ಗೊತ್ತಾಯಿತು ಎಂಬ ಎರಡನ್ನೂ ಬರೆಯಿರಿ. ತಪ್ಪು ತಿಳಿವಳಿಕೆಯ ಸಾಲು ಖಾಲಿ ಉಳಿದ ಅಧ್ಯಾಯವನ್ನು ಅನುಮಾನದಿಂದ ನೋಡಿ. ನಮ್ಮ ಕಥೆಯಲ್ಲಿ ಇಬ್ಬರೂ ಪೊಲೀಸ್ ಕಡೆಯವರಲ್ಲ, ಆದರೆ ಎದುರಿನವರು ಪೊಲೀಸ್ ಕಡೆಯವರಿರಬಹುದು ಎಂಬ ಅನುಮಾನ ಇಬ್ಬರಿಗೂ ಇದೆ. ಕೆಲಸಕ್ಕೆ ಹೋಗುತ್ತೇನೆಂದು ಹೊರಟವನನ್ನು ಅವಳು ಗ್ರಂಥಾಲಯದ ಮೆಟ್ಟಿಲ ಮೇಲೆ ಕಂಡಿದ್ದಾಳೆ. ಗಂಡನದೆಂದು ಬಂದ ಪತ್ರದ ಮೇಲೆ ಬೆಂಗಳೂರಿನದೇ ಅಂಚೆಮುದ್ರೆ ಇದ್ದುದನ್ನು ಅವನು ಕಂಡಿದ್ದಾನೆ.

ಓದುಗನಿಗೆ ಎಷ್ಟು ಹೇಳಬೇಕು? ಇಬ್ಬರೂ ವೇಷದಲ್ಲಿದ್ದಾರೆ ಎಂಬುದನ್ನು ಬೇಗ ಹೇಳಿಬಿಡಿ. ಅದನ್ನು ಕೊನೆಯವರೆಗೆ ಮುಚ್ಚಿಟ್ಟರೆ ಒಂದು ಕ್ಷಣದ ಬೆರಗು ಸಿಗುತ್ತದೆ, ಆದರೆ ಇನ್ನೂರು ಪುಟಗಳ ತಳಮಳ ಕೈತಪ್ಪುತ್ತದೆ. ಪಟ್ಟಿಯಲ್ಲಿ ಅವಳ ಅಣ್ಣನ ಹೆಸರಿತ್ತು ಎಂಬುದನ್ನು ಮಾತ್ರ ಕಥೆಯ ಅರ್ಧದ ತನಕ ತಡೆಹಿಡಿಯಿರಿ. ಅದು ಓದುಗನಿಗೆ ತಿಳಿದ ಮೇಲೂ ಆ ಇಬ್ಬರಿಗೆ ತಿಳಿಯದಿರಲಿ. ಆಮೇಲೆ ಅವರು ಒಟ್ಟಿಗೆ ನಗುವ ಪ್ರತಿ ಸಾಲನ್ನೂ ಓದುಗ ಅಳುಕುತ್ತಲೇ ಓದುತ್ತಾನೆ.

ಹೆಜ್ಜೆ 5: ನಿರೂಪಣೆಯಲ್ಲಿ ಹೆಸರಿನ ನಿಯಮ

ಒಂದು ಅಧ್ಯಾಯ ಅವಳ ಕಣ್ಣಿನಿಂದ, ಇನ್ನೊಂದು ಅವನ ಕಣ್ಣಿನಿಂದ ಸಾಗಲಿ. ಅವಳ ಅಧ್ಯಾಯಗಳಲ್ಲಿ ನಿರೂಪಕ ಅವಳನ್ನು ಕಸ್ತೂರಿ ಎಂದೂ ಅವನನ್ನು ಶ್ರೀಧರಮೂರ್ತಿ ಎಂದೂ ಕರೆಯಲಿ. ಅವನ ಅಧ್ಯಾಯಗಳಲ್ಲಿ ಅವನು ಈರಣ್ಣ, ಅವಳು ಸುಮಿತ್ರಾ. ತನ್ನ ಮನಸ್ಸಿನೊಳಗೆ ಯಾರೂ ತನ್ನನ್ನು ಹುಸಿ ಹೆಸರಿನಿಂದ ಕರೆದುಕೊಳ್ಳುವುದಿಲ್ಲ. ಪಾತ್ರದ ತಲೆಯೊಳಗೆ ಓದುಗನನ್ನು ಕೂರಿಸಿ ಅಲ್ಲಿಯೂ ಸುಳ್ಳು ಹೇಳಿದರೆ ಅದು ಮೋಸವಾಗುತ್ತದೆ. ಎರಡು ಜೀವಕ್ಕೆ ನಾಲ್ಕು ಹೆಸರಾಗುವುದರಿಂದ ಮೊದಲಕ್ಷರಗಳು ಒಂದೇ ಆಗದಂತೆ ಎಚ್ಚರ ವಹಿಸಿ.

ಹೆಜ್ಜೆ 6: ಮಾತು ಜಾರುವ ಜಾಗ

ಈ ಬಗೆಯ ಕಥೆಗೆ ಕನ್ನಡ ಕೊಡುವಷ್ಟು ಅನುಕೂಲವನ್ನು ಬೇರೆ ಯಾವುದೂ ಕೊಡುವುದಿಲ್ಲವೆಂದು ನನಗೆ ಅನಿಸುವುದುಂಟು. ಹತ್ತು ಮಾತಿನೊಳಗೆ ಆಡಿದವರ ಸೀಮೆ ತಿಳಿಯುತ್ತದೆ. "ಚಳಿ ಜಾಸ್ತಿ" ಎಂದವರು ಒಂದು ಕಡೆಯವರು, "ಥಂಡಿ ಭಾಳ ಅದ" ಎಂದವರು ಇನ್ನೊಂದು ಕಡೆಯವರು, "ಎಂತ ಮಾರಾಯ್ರೆ" ಎಂದವರು ಕರಾವಳಿಯವರು. ವೇಷ ಹಾಕಿದವರು ಬಟ್ಟೆಯನ್ನು ಒಂದು ಗಂಟೆಯಲ್ಲಿ ಬದಲಿಸಬಹುದು, ನಾಲಿಗೆಯನ್ನು ಬದಲಿಸಲು ವರ್ಷ ಬೇಕು. ನಿದ್ದೆ, ನೋವು, ಸಿಟ್ಟು, ಲೆಕ್ಕ ಎಣಿಸುವುದು, ಮಗುವನ್ನು ಮುದ್ದಿಸುವುದು, ಈ ಐದು ಹೊತ್ತಿನಲ್ಲಿ ಹುಟ್ಟೂರಿನ ಮಾತು ಹೊರಬಂದೇ ಬರುತ್ತದೆ.

ಕಸ್ತೂರಿ ಮತ್ತು ಈರಣ್ಣ ಇಬ್ಬರೂ ಒಂದೇ ಸೀಮೆಯವರು, ಇಬ್ಬರೂ ಕಲಿತ ಬೆಂಗಳೂರು ಕನ್ನಡದಲ್ಲಿ ಪರಸ್ಪರ ಮಾತನಾಡುತ್ತಿದ್ದಾರೆ. ಜಾರುವ ದೃಶ್ಯ ಹೀಗಿರಬಹುದು:

ಹಂಡೆಯಿಂದ ತೋಡಿದ ನೀರು ಅವಳ ಕೈಮೇಲೆ ಚೆಲ್ಲಿತು. "ಯವ್ವಾ!" ಎಂದಳು. ಪಕ್ಕದ ಕೋಣೆಯಿಂದ ಓಡಿಬಂದವನು, "ತಣ್ಣೀರಾಗ ಕೈ ಇಡ್ರಿ ಮೊದ್ಲ, ಊದಬ್ಯಾಡ್ರಿ" ಎಂದ. ಇಬ್ಬರೂ ಬಕೆಟ್ಟಿನ ನೀರನ್ನೇ ನೋಡುತ್ತಾ ನಿಂತರು. ನಲ್ಲಿ ತೊಟ್ಟಿಕ್ಕುತ್ತಿತ್ತು. "ಬರ್ನಾಲ್ ಇದೆ, ತಂದುಕೊಡ್ತೀನಿ" ಎಂದು ಅವನು ಬೆಂಗಳೂರಿಗೆ ಮರಳಿದ. "ಬೇಡಿ ಮೂರ್ತಿಯವರೇ, ಅಷ್ಟೇನೂ ಆಗಿಲ್ಲ" ಎಂದು ಅವಳೂ ಮರಳಿದಳು.

ಈ ದೃಶ್ಯದಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ, ಕೇಳಲೂಬಾರದು. ಊರಿನ ಮಾತು ಕೇಳಿ ಇಬ್ಬರ ಎದೆಯೂ ಒಂದು ಕ್ಷಣ ತಣಿದದ್ದು ನಿಜ, ಆದರೆ ಮರುಕ್ಷಣ ಇಬ್ಬರಿಗೂ ಬರುವ ಯೋಚನೆ ಒಂದೇ: "ನನ್ನ ಊರಿನಿಂದಲೇ ನನ್ನನ್ನು ಹುಡುಕಿಕೊಂಡು ಬಂದಿದ್ದಾರೆ." ಹತ್ತಿರವಾದಷ್ಟೂ ಭಯ ಹೆಚ್ಚಬೇಕು. ಪ್ರೀತಿ ಒಂದು ದೃಶ್ಯ, ಅಪಾಯ ಒಂದು ದೃಶ್ಯ ಎಂದು ಸರದಿಯಲ್ಲಿ ಬರೆಯುವ ಲೇಖಕರು ಇಲ್ಲಿ ನಿಂತು ಯೋಚಿಸಬೇಕು. ಒಂದೇ ಮಾತು ಎರಡನ್ನೂ ಹುಟ್ಟಿಸಬೇಕು.

ಸಂಬೋಧನೆಯೂ ಅಷ್ಟೇ ಮುಖ್ಯ. ವಠಾರದ ಮಕ್ಕಳಿಗೆ ಅವಳು ಅಕ್ಕ, ಅವನು ಮಾಮ. ಅವನಿಗೆ ಅವಳು ಸುಮಿತ್ರಮ್ಮ, ಅವಳಿಗೆ ಅವನು ಮೂರ್ತಿಯವರು, ಇಬ್ಬರ ನಡುವೆ ಬಹುವಚನ. ಹೆಸರು ಸುಳ್ಳೆಂಬ ಅನುಮಾನ ಬಂದ ದಿನದಿಂದ ಇಬ್ಬರೂ ಹೆಸರು ಹಿಡಿದು ಕರೆಯುವುದನ್ನು ನಿಲ್ಲಿಸಲಿ. "ಇವರೇ", "ನೋಡಿ", "ರೀ" ಎಂಬುದರಲ್ಲಿಯೇ ಎಷ್ಟು ಅಧ್ಯಾಯ ಬೇಕಾದರೂ ನಡೆಸಲು ನಮ್ಮ ಭಾಷೆ ಬಿಡುತ್ತದೆ. ಬಹುವಚನ ಏಕವಚನವಾಗುವುದು ಇಡೀ ಕಥೆಯಲ್ಲಿ ಒಮ್ಮೆ ಮಾತ್ರ, ಅದು ಸಿಟ್ಟಿನ ಹೊತ್ತಿನಲ್ಲಿ ಆಗಲಿ.

ಹೆಜ್ಜೆ 7: ಗುರುತು ಸಿಗುವುದು ಕೈಗೆಲಸದಿಂದ

ಗುರುತು ಬಯಲಾಗುವ ಬಗೆಯನ್ನು ನಮ್ಮ ಪುರಾಣಗಳಿಂದ ಕಲಿಯುವುದು ಬಹಳಷ್ಟಿದೆ. ಮಹಾಭಾರತದ ನಳೋಪಾಖ್ಯಾನದಲ್ಲಿ ನಳ ಕಾರ್ಕೋಟಕನ ವಿಷದಿಂದ ರೂಪಗೆಟ್ಟು ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ರಾಜ ಋತುಪರ್ಣನ ಬಳಿ ಸೇರುತ್ತಾನೆ, ದಮಯಂತಿ ಚೇದಿಯ ಅರಮನೆಯಲ್ಲಿ ಸೈರಂಧ್ರಿಯಾಗಿ ಇರುತ್ತಾಳೆ. ಅವಳು ಸಿಕ್ಕಿದ್ದು ಹುಬ್ಬುಗಳ ನಡುವಿನ ಮಚ್ಚೆಯಿಂದ. ಅವನನ್ನು ಅವಳು ಗುರುತಿಸಿದ್ದು ಬೇರೆ ರೀತಿಯಲ್ಲಿ. ದಾಸಿ ಕೇಶಿನಿಯನ್ನು ಕಳಿಸಿ ಅವನ ನಡೆಯನ್ನು ನೋಡಿಸಿದಳು, ಅವನು ಬೇಯಿಸಿದ ಮಾಂಸವನ್ನು ತರಿಸಿ ರುಚಿ ನೋಡಿದಳು, ಮಕ್ಕಳನ್ನು ಅವನೆದುರು ಕಳಿಸಿದಳು. ಮೈಗುರುತಿನಿಂದ ಆದ ಪತ್ತೆ ಒಂದು ಪ್ರಸಂಗದಲ್ಲಿ ಮುಗಿಯುತ್ತದೆ; ಕೈರುಚಿಯಿಂದ ಆದ ಪತ್ತೆ ಪರೀಕ್ಷೆಯ ಮೇಲೆ ಪರೀಕ್ಷೆಯಾಗಿ ಬೆಳೆಯುತ್ತದೆ. ಕುತೂಹಲಕಥೆ ಬರೆಯುವವರಿಗೆ ಬೇಕಾದದ್ದು ಎರಡನೆಯದು.

ಈರಣ್ಣ ಬಚ್ಚಿಟ್ಟಿರುವ ಕೈಗೆಲಸ ಟೈಪಿಂಗ್. ಯೋಚಿಸುವಾಗ ಅವನ ಬೆರಳು ಮೇಜಿನ ಮೇಲೆ ತಾಳ ಹಾಕುತ್ತವೆ, ಹತ್ತೂ ಬೆರಳು, ಸಮನಾದ ಲಯದಲ್ಲಿ. ನಮ್ಮ ಭಾಷೆಯಲ್ಲಿ ಬೆರಳಚ್ಚು ಎಂದರೆ ಟೈಪಿಂಗೂ ಹೌದು, ಪೊಲೀಸರು ತೆಗೆದುಕೊಳ್ಳುವ ಬೆರಳಿನ ಗುರುತೂ ಹೌದು. ಈ ಶ್ಲೇಷೆ ಕೈಗೆ ಸಿಕ್ಕಿತೆಂದು ಪಾತ್ರಗಳ ಬಾಯಲ್ಲಿ ಹೇಳಿಸುವ ಆಸೆಯನ್ನು ಮಾತ್ರ ದಯವಿಟ್ಟು ತಡೆದುಕೊಳ್ಳಿ. ಅತ್ತ ಕಸ್ತೂರಿಯ ಗುಂಪಿಗೆ ಸ್ಟೆನ್ಸಿಲ್ ಕೊರೆಯಲು ಜನ ಬೇಕಾಗಿದೆ. ರಿಬ್ಬನ್ ತಪ್ಪಿಸಿ ಅಚ್ಚಿನ ಮೊಳೆ ನೇರವಾಗಿ ಮೇಣದ ಹಾಳೆಗೆ ಬೀಳುವಂತೆ ಹೊಡೆಯಬೇಕು, ಏಟು ಜೋರಾದರೆ ಅಕ್ಷರದ ಹೊಟ್ಟೆ ಹರಿಯುತ್ತದೆ, ಮೆಲುವಾದರೆ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಶಾಯಿ ಇಳಿಯುವುದಿಲ್ಲ. ಅವಳು ಅವನ ಬೆರಳುಗಳನ್ನು ನೋಡುತ್ತಾಳೆ. ಕೇಳಿದರೆ ತನ್ನ ಗುಟ್ಟು ಹೋಗುತ್ತದೆ, ಕೇಳದಿದ್ದರೆ ಕರಪತ್ರ ನಿಲ್ಲುತ್ತದೆ. ಪ್ರೇಮದ ನಿವೇದನೆಗೆ ಇದಕ್ಕಿಂತ ಒಳ್ಳೆಯ ಸಂದರ್ಭವನ್ನು ನಾನು ಊಹಿಸಲಾರೆ.

ಕೈಗೆಲಸದ ಜೊತೆಗೆ ಒಂದು ವಸ್ತುವೂ ಇರಲಿ. ಅವನು ಆ ರಾತ್ರಿ ಪಟ್ಟಿಗೆ ಬಳಸಿದ ಕಾರ್ಬನ್ ಹಾಳೆಯನ್ನು ಹರಿದುಹಾಕದೆ ತಂದಿದ್ದಾನೆ. ಒಮ್ಮೆ ಮಾತ್ರ ಬಳಸಿದ ಕಾರ್ಬನ್ನನ್ನು ಬೆಳಕಿಗೆ ಹಿಡಿದರೆ ಅಕ್ಷರಗಳು ಕಾಣುತ್ತವೆ. ಆ ಹಾಳೆಯನ್ನು ಮೊದಲ ಅಧ್ಯಾಯಗಳಲ್ಲಿ ಔಷಧದ ಕ್ಯಾಟಲಾಗಿನ ನಡುವೆ ಸುಮ್ಮನೆ ತೋರಿಸಿಬಿಡಿ, ವಿವರಿಸಬೇಡಿ.

ಹೆಜ್ಜೆ 8: ಚರಿತ್ರೆಯ ತಾರೀಖುಗಳಿಗೆ ಹಗ್ಗ ಕಟ್ಟಿ

ಹೊರಗಿನ ಒತ್ತಡ ತನ್ನ ಪಾಡಿಗೆ ಏರುತ್ತಿರಬೇಕು. 1976ರ ಮೇ ಆರಂಭದಲ್ಲಿ ಬೆಂಗಳೂರಿನಲ್ಲಿ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಫರ್ನಾಂಡಿಸ್, ಅವರ ಬೆನ್ನಲ್ಲೇ ನಟಿ ಸ್ನೇಹಲತಾ ರೆಡ್ಡಿ ಬಂಧನಕ್ಕೊಳಗಾದರು. ಸಿಖ್ಖರ ವೇಷದಲ್ಲಿ ಓಡಾಡುತ್ತಿದ್ದ ಜಾರ್ಜ್ ಫರ್ನಾಂಡಿಸ್ ಜೂನ್ 10ರಂದು ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದರು. ಪತ್ರಿಕೆಗಳ ಬಾಯಿ ಕಟ್ಟಿದ್ದರಿಂದ ಇಂಥ ಸುದ್ದಿಗಳು ವಠಾರಕ್ಕೆ ಪಿಸುಮಾತಾಗಿ, ಒಂದಕ್ಕೆರಡಾಗಿ ತಲುಪಲಿ. ಈ ವ್ಯಕ್ತಿಗಳನ್ನು ನಿಮ್ಮ ಕಥೆಯೊಳಗೆ ಪಾತ್ರಗಳಾಗಿ ಎಳೆದು ತಂದು ಮಾತನಾಡಿಸುವ ಅಗತ್ಯವಿಲ್ಲ. ಹೊಸಬರ ಹೆಸರು ಬರೆದುಕೊಳ್ಳಲು ಬೀಟ್ ಪೇದೆ ವಠಾರಕ್ಕೆ ಬಂದು ನಿಂತರೆ ಸಾಕು. ಮನೆ ಮಾಲೀಕರು ಪೇದೆಗೆ ಕಾಫಿ ಕೊಟ್ಟು, ಇಬ್ಬರ ಬಗ್ಗೆಯೂ ತಮಗೆ ಗೊತ್ತಿರುವ ಸುಳ್ಳುಗಳನ್ನು ಪ್ರಾಮಾಣಿಕವಾಗಿ ಹೇಳಲಿ.

ಹೆಜ್ಜೆ 9: ನಿಜ ಹೇಳುವ ದಿನವನ್ನು ಆರಿಸಿ

ಇಂದಿರಾ ಗಾಂಧಿಯವರು ಚುನಾವಣೆ ಘೋಷಿಸಿದ್ದು 1977ರ ಜನವರಿ 18ರಂದು, ಅಲ್ಲಿಂದ ಬಂಧಿತರ ಬಿಡುಗಡೆ ಬಿರುಸುಗೊಂಡಿತು. ಈರಣ್ಣ ತನ್ನ ನಿಜವನ್ನು ಆ ದಿನಾಂಕಕ್ಕಿಂತ ಮೊದಲೇ ಹೇಳಬೇಕು. ಅಪಾಯ ತೀರಿದ ಮೇಲೆ ಹೇಳಿದ ನಿಜಕ್ಕೆ ಬೆಲೆ ಅರ್ಧ. ಸಿಕ್ಕಿಬಿದ್ದು ಒಪ್ಪಿಕೊಂಡರಂತೂ ಅದಕ್ಕೆ ಬೆಲೆಯೇ ಇಲ್ಲ. ಆದ್ದರಿಂದ ಕಾರ್ಬನ್ ಹಾಳೆಯನ್ನು ಅವಳೇ ಆಕಸ್ಮಿಕವಾಗಿ ಹುಡುಕಿದಳು ಎಂದು ಬರೆಯುವುದು ಸುಲಭವಾದರೂ ಬೇಡ. ಸ್ಟೆನ್ಸಿಲ್ ಹೊಡೆಯುತ್ತಾ ಬಂಧಿತರ ಹೆಸರುಗಳ ಸಾಲಿನಲ್ಲಿ ಅವಳು ಒಂದು ಹೆಸರನ್ನು ಓದಿಹೇಳುವಾಗ ದನಿ ತಪ್ಪುತ್ತಾಳೆ, ಅವನ ಬೆರಳು ನಿಲ್ಲುತ್ತವೆ. ಆ ಹೆಸರನ್ನು ಅವು ಮೊದಲೂ ಹೊಡೆದಿವೆ. ಅವನು ಎದ್ದು ಹೋಗಿ ಹಾಳೆಯನ್ನು ತಂದು ತಾನೇ ಅವಳ ಕೈಗೆ ಕೊಡಲಿ, ಲಾಂದ್ರದ ಬೆಳಕಿಗೆ ಹಿಡಿಯಲು ಹೇಳಲಿ. ಅವಳ ಬಾಯಿಂದ ಆ ಒಂದೇ ಒಂದು ಏಕವಚನ ಬರುವುದು ಇಲ್ಲಿಯೇ: "ಒಬ್ಬರಿಗೆ ಹೇಳಿದಿ. ಇನ್ನೊಬ್ಬರಿಗೆ ಯಾಕ ಹೇಳಲಿಲ್ಲ?" ಅವನಿಗೆ ಒಳ್ಳೆಯ ಉತ್ತರ ಕೊಡಬೇಡಿ. ಹೊತ್ತಿರಲಿಲ್ಲ, ಹೆದರಿದೆ, ಆ ಮನೆ ದೂರವಿತ್ತು ಎಂಬಂಥ ಸಣ್ಣ ಕಾರಣಗಳೇ ನಿಜವಾಗಿ ಕೇಳಿಸುತ್ತವೆ.

ಇದಕ್ಕೆ ಮುಂಚೆ ಅವರ ನಡುವೆ ದೇಹದ ಸಲಿಗೆ ಬೇಡವೆಂದು ನನ್ನ ಸಲಹೆ. ಎದುರಿಗಿರುವವರು ಯಾರೆಂದು ತಿಳಿಯದೆ ಕೊಟ್ಟ ಒಪ್ಪಿಗೆಯನ್ನು ಇಂದಿನ ಓದುಗರು ಒಪ್ಪಿಗೆಯೆಂದು ಎಣಿಸುವುದಿಲ್ಲ, ಎಣಿಸಲೂಬಾರದು. ಸುಟ್ಟ ಕೈಗೆ ಹಚ್ಚಿದ ಮುಲಾಮು, ಒಂದೇ ಸ್ಟೆನ್ಸಿಲ್ಲಿನ ಎರಡು ತುದಿ ಹಿಡಿದ ಕೈಗಳು ಇಷ್ಟೇ ಸಾಕಾಗುತ್ತವೆ.

ಹೆಜ್ಜೆ 10: ತಿದ್ದುವಾಗ

ಕರಡು ಮುಗಿದ ಮೇಲೆ ಸಂಭಾಷಣೆಗಳನ್ನು ಮಾತ್ರ ಬೇರೆ ಮಾಡಿ ಗಟ್ಟಿಯಾಗಿ ಓದಿ. ಜಾರಬೇಕಾದ ಕಡೆಯಲ್ಲದೆ ಬೇರೆಲ್ಲಾದರೂ ಸೀಮೆಯ ಮಾತು ನುಸುಳಿದ್ದರೆ ಅದು ನಿಮ್ಮ ಜಾರುವಿಕೆ, ಪಾತ್ರದ್ದಲ್ಲ. ಆಯಾ ಸೀಮೆಯವರೊಬ್ಬರಿಂದ ಓದಿಸದೆ ಆಡುಮಾತನ್ನು ಅಚ್ಚಿಗೆ ಕೊಡಬೇಡಿ. ಹೆಜ್ಜೆ 4ರ ಹಾಳೆಯನ್ನು ಮತ್ತೆ ತೆಗೆದು, ಯಾವ ಪಾತ್ರವೂ ತನಗೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಆಡಿಲ್ಲವೆಂದು ಸಾಲುಸಾಲಾಗಿ ಪರೀಕ್ಷಿಸಿ.

ಕೊನೆಯ ಅಧ್ಯಾಯವನ್ನು ಎಲ್ಲಕ್ಕಿಂತ ಚಿಕ್ಕದಾಗಿಡಿ. ಚುನಾವಣೆ ಘೋಷಣೆಯಾದ ಎರಡು ದಿನಕ್ಕೆ, ಜನವರಿ 20ರಂದು, ಜೈಲಿನಿಂದ ಪೆರೋಲ್ ಮೇಲೆ ಹೊರಬಂದಿದ್ದ ಸ್ನೇಹಲತಾ ರೆಡ್ಡಿ ತೀರಿಕೊಂಡರು. ಬಿಡುಗಡೆಯ ಗದ್ದಲದಲ್ಲಿ ಈ ಸುದ್ದಿಯೂ ವಠಾರಕ್ಕೆ ಬರಲಿ, ಇಬ್ಬರೂ ಬೇರೆ ಬೇರೆ ಬಾಗಿಲುಗಳಲ್ಲಿ ನಿಂತು ಕೇಳಲಿ. ಕಸ್ತೂರಿ ಕ್ಷಮಿಸಿದಳೇ ಇಲ್ಲವೇ ಎಂದು ನಿರೂಪಕ ಹೇಳಬಾರದು. ಮರುದಿನ ಬೆಳಿಗ್ಗೆ ಈರಣ್ಣ ಟ್ರಂಕು ಕಟ್ಟುತ್ತಿರುವಾಗ, ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ಅವನಿಗೆ ಕೇಳಿಸಲಿ. ಎಷ್ಟು ರೊಟ್ಟಿಯೆಂದು ಅವನು ಎಣಿಸುತ್ತಿರುವಲ್ಲಿಗೆ ಕಥೆಯನ್ನು ನಿಲ್ಲಿಸಿ.